ಹದಿನೇಳನೇ ನಂಬರಿನ ಐವರು

ವೋಟರ್ ಲಿಸ್ಟು ಹಿಡಿದು ಕುಕ್ ಟೌನಿಗೆ ಹೋಗಿದ್ದೆ,
ಭಾನುವಾರ, ಟೀಚರಿಗೆ ರಜೆಯಿಲ್ಲದ ಭಾನುವಾರ.
ಹಂಚಿನ ಮನೆ, ಹಸಿರು ಬಳಿದ ಮರದ ಜಾಲರಿ,
ಲಿಸ್ಟಿನ ಪ್ರಕಾರ ಒಳಗೆ ಐದು ಜನ:
ಡಲ್ಸಿ ಹೆದರ್‌ಥ್ವೇಟ್.
ಡಲ್ಸಿ ಹೆಡರ್ಟ್ವೆಟ್.
ದುಲಸಿ ಹೆದರಟಿ.
ತುಳಸಿ ಎಚ್. ದ್ವೈತ.
ಕೊನೆಯವರು ಗಂಡಸು, ಹೆದರ್ ಥೌಸಂಡ್,
ವಯಸ್ಸು ನೂರಾ ಒಂಬತ್ತು.

ಬಾಗಿಲು ತೆಗೆದವರು ಒಬ್ಬರೇ.
"ನಾಲ್ಕು ನಾನು. ಐದನೆಯದು ನಮ್ಮಪ್ಪ.
ಹೋಗಿ ನಲವತ್ತು ವರ್ಷ ಆಯ್ತು. ಇನ್ನೂ ವೋಟು ಹಾಕ್ತಿದ್ರೆ
ನನಗಂತೂ ಹೇಳಿಲ್ಲ.
ಬನ್ನಿ, ಐದು ಜನಕ್ಕೂ ಸೇರಿಸಿ ಒಂದು ಟೀ ಮಾಡ್ತೀನಿ."

ದಂಡಿನ ಕನ್ನಡ ಅವರದು, ತಮಿಳು ಹಾಕಿ ನಾದಿದ್ದು.
"ಸ್ಕೂಲಲ್ಲಿ ಹುಡುಗರು ಹಿಂದೆ ಬಿದ್ದು ಕೇಳೋರು,
ಹೆದರ್ತೀಯಾ, ಏ, ಹೆದರ್ತೀಯಾ ಅಂತ.
ಹೆದರ್ತಿದ್ದೆ.
ಹೆಸರೇ ಹಾಗೆ ಅಂದಮೇಲೆ ಇನ್ನೇನು ಮಾಡೋದು."

ಎಷ್ಟು ಜನ ಇದ್ದೀರಿ ನೀವು, ಈ ಹೆಸರಿನವರು?
ಕೇಳಬಾರದಿತ್ತು, ಫಾರಂನಲ್ಲಿ ಆ ಕಾಲಮ್ಮೇ ಇಲ್ಲ.
ಆಕೆ ಬೆರಳು ಮಡಿಸಿದರು:
ಇಂಗ್ಲೆಂಡಿನ ಹಳೇ ಟೆಲಿಫೋನ್ ಪುಸ್ತಕದಲ್ಲಿ ಹನ್ನೊಂದು,
ಕೋಲಾರದ ಗೋರಿಗಳಲ್ಲಿ ಮೂರು,
ಹೊಸೂರು ರಸ್ತೆಯ ಗೋರಿಗಳಲ್ಲಿ ಆರು.
ಲೋಬೋ ಆಗಿಹೋದ ತಂಗಿ ಒಬ್ಬಳು, ಲೆಕ್ಕಕ್ಕಿಲ್ಲ.
ಟೀ ಕುಡಿಯುತ್ತಿರುವುದು ಒಂದು.

ಮುತ್ತಜ್ಜ ಕುದುರೆಗೆ ಲಾಳ ಹೊಡೆಯುತ್ತ
ರೆಜಿಮೆಂಟಿನ ಹಿಂದೆ ಬಂದವನು.
ಆರ್ಕಾಟಿನ ಹುಡುಗಿಯನ್ನು ಕಟ್ಟಿಕೊಂಡ.
ಚರ್ಚಿನ ಪುಸ್ತಕದಲ್ಲಿ ಅವನ ಹೆಸರು ಪೂರ್ತಿ ಇದೆ,
ಒಂದಕ್ಷರ ತಪ್ಪಿಲ್ಲ.
ಅವಳದು "ಹೆಂಡತಿ" ಅಂತಷ್ಟೇ.
"ಈ ಮೂಗು ಅವಳದು," ಅಂದರು ಡಲ್ಸಿ,
"ಈ ಬಣ್ಣ ಅವಳದು, ಈ ಹಟಾನೂ. ಹೆಸರು ಮಾತ್ರ ಅವನದು."

ಹೆಸರಿಗೆ ಅರ್ಥ?
"ಹೆದರ್ ಅಂದ್ರೆ ಒಂದು ಗಿಡ. ಮೊಣಕಾಲೆತ್ತರ,
ನೇರಳೆ ಹೂವು, ಕುರಿ ಮೇಯೋ ಗುಡ್ಡದ ತುಂಬ.
ನಾನು ನೋಡಿಲ್ಲ.
ಥ್ವೇಟ್ ಅಂದ್ರೆ ಅದನ್ನ ಕಡಿದು ಬಯಲು ಮಾಡಿದ ಜಾಗ.
ಊರೇ ಇತ್ತಂತೆ ಆ ಹೆಸರಲ್ಲಿ. ಈಗ ಒಂದು ಗೇಟಿದೆ, ಕುರಿ ಇವೆ."

ಹಕ್ಕಲು, ಅಂದೆ ನಾನು, ಪೆನ್ನು ಕೆಳಗಿಟ್ಟು.
ಕಾಡು ಕಡಿದ ನೆಲಕ್ಕೆ ನಾವು ಹಕ್ಕಲು ಅಂತೀವಿ.
ಆಕೆ ಆ ಮಾತನ್ನು ಬಾಯಲ್ಲಿಟ್ಟುಕೊಂಡರು
ಬೆಲ್ಲದ ಚೂರಿನ ಹಾಗೆ.

"ನಿಮ್ಮ ಹೆಸರು?"
ಟಿ. ಹೊನ್ನಗಂಗಮ್ಮ.
"ಟಿ ಅಂದ್ರೆ?"
ಇಪ್ಪತ್ತೆಂಟು ವರ್ಷದ ಸರ್ವೀಸಿನಲ್ಲಿ
ಯಾರೂ ಕೇಳಿರಲಿಲ್ಲ ಅದನ್ನು.

ತಂಗಡಿಕುಂಟೆ.
ತಂಗಡಿ ಒಂದು ಗಿಡ, ಸೊಂಟದೆತ್ತರ, ಹಳದಿ ಹೂವು.
ಕುಂಟೆ ಅಂದರೆ ಕೆರೆಗಿಂತ ಸಣ್ಣದು,
ನಾಲ್ಕು ಎಮ್ಮೆ ಮುಳುಗುವಷ್ಟು.
ಈಗ ಅಲ್ಲಿ ರಿಂಗ್ ರೋಡಿನ ಇಳಿಜಾರು.
ದೊಡ್ಡ ಮಳೆ ಬಂದ ರಾತ್ರಿ ಮಾತ್ರ ಕುಂಟೆ
ತನ್ನ ಜಾಗ ನೆನೆಸಿಕೊಂಡು ಬಂದು
ಬಸ್ಸುಗಳನ್ನು ನಿಲ್ಲಿಸಿಕೊಳ್ಳುತ್ತದೆ.
ಊರು ಹೋಗಿ ಉಳಿದದ್ದು ಒಂದಕ್ಷರ,
ಅದೂ ಇಂಗ್ಲಿಷಿನದು.

ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು,
ಎರಡು ಗಿಡಗಳ ಹಾಗೆ ಅಂತ ಬರೆಯಬಹುದು,
ಆದರೆ ಹೊರಗೆ ಗ್ಯಾಸ್ ಸಿಲಿಂಡರಿನವನು ಕೂಗುತ್ತಿದ್ದ.

ನಾಲ್ಕು ಹೆಸರು ಹೊಡೆದುಹಾಕಬೇಕು, ಅಂದೆ.
ಆಕೆ ಕನ್ನಡಕ ಹಾಕಿಕೊಂಡು ಲಿಸ್ಟು ನೋಡಿದರು,
ಮದುವೆಗೆ ಕರೆಯುವವರನ್ನು ಆರಿಸುವ ಹಾಗೆ.
"ಅಪ್ಪನ್ನ ಕಳಿಸಿಬಿಡಿ, ದಣಿದಿರ್ತಾರೆ.
ಆ ಹೆದರಟಿ ನನಗೆ ಗೊತ್ತೇ ಇಲ್ಲ.
ತುಳಸಿ ದ್ವೈತ ಮಾತ್ರ, ಪಾಪ, ಇರಲಿ ಬಿಡಿ,
ಒಂದು ಸಲನಾದ್ರೂ ವೋಟು ಹಾಕಲಿ."

ರೂಲ್ಸು ರೂಲ್ಸೇ. ಹೊಡೆದೆ.
ಉಳಿದ ಒಂದನ್ನು ನಿಧಾನವಾಗಿ, ಒತ್ತಕ್ಷರ ಸಮೇತ,
ಬೋರ್ಡಿನ ಮೇಲೆ ಬರೆಯುವ ಹಾಗೆ ಬರೆದೆ.

ವಾಪಸ್ಸು ಬರುವಾಗ ಲಿಂಗರಾಜಪುರದ ಸೇತುವೆ ಕೆಳಗೆ
ತಗಡಿನ ಶೆಡ್ಡು, ಕಪ್ಪು ಟೈರುಗಳ ಗೋಪುರ,
ಮೇಲೆ ಕೆಂಪಕ್ಷರ: ಹೆದರ್ ಟೈರ್ ವರ್ಕ್ಸ್.
ಯಾರಪ್ಪ ಹೆದರ್ ಅಂದರೆ?
ಹುಡುಗ ಟ್ಯೂಬನ್ನು ನೀರಲ್ಲಿ ಮುಳುಗಿಸಿ
ಗುಳ್ಳೆ ಎಲ್ಲಿ ಬರುತ್ತದೆಂದು ನೋಡುತ್ತಿದ್ದ.
"ಗೊತ್ತಿಲ್ಲ ಮೇಡಂ. ಬೋರ್ಡು ಹಳೇದು,
ಆ ಕಡೆ ಅರ್ಧ ಅಳಿಸಿಹೋಗಿತ್ತು.
ಕಂಡಷ್ಟಕ್ಕೆ ಪೇಂಟ್ ಹೊಡೆದು
ಉಳಿದಿದ್ದು ನಾವೇ ಸೇರಿಸ್ಕೊಂಡ್ವಿ."