ಪರವಾಗಿ

ಮೂರು ವರ್ಷ ನಾನೇ ನೆರೈಡಾ ಚೋಕೆ.
ಬ್ರೆನ್ಯಾದ ಇಸ್ತ್ರಿ ಅಂಗಡಿಯ ಮೇಲಿನ ಕೋಣೆಯಲ್ಲಿ
ಕಾಲು ಮೇಜಿನ ಮೇಲಿಟ್ಟು, ಹುರಿದ ಜೋಳ ಮೆಲ್ಲುತ್ತ
ಅವಳ ಬಾಯಿಂದ ಹೇಳುತ್ತಿದ್ದೆ:
'ಲಿಮಾ, ನನ್ನ ಮುದ್ದು ಊರೇ, ಎದ್ದೆಯಾ?'
ಲಿಮಾ ನನಗೆ ಮುತ್ತು ಕಳಿಸುತ್ತಿತ್ತು,
ಮೂವತ್ತೈದು ಲಕ್ಷ ಬಾಯಿಗಳಿಂದ.

ಅವಳೋ, ಆ ಹೊತ್ತಿಗೆ
ಮಂಡಿಗೆ ಮಂಜುಗಡ್ಡೆ ಕಟ್ಟಿಕೊಂಡು ಮಲಗಿರುತ್ತಿದ್ದಳು.
ವಾಲಿಬಾಲ್ ಬಿಟ್ಟು ಆರು ವರ್ಷ. ಬಲೆಯ ಮೇಲಕ್ಕೆ
ಅವಳು ನೆಗೆದ ಆ ಒಂದು ನೆಗೆತ ಮಾತ್ರ
ಊರ ಗೋಡೆಗಳಿಂದ ಇನ್ನೂ ಕೆಳಗಿಳಿದಿರಲಿಲ್ಲ.
ಮಿಕ್ಕ ಮಾತೆಲ್ಲ ನನ್ನದು. ತಿಂಗಳಿಗೊಂದು ಸಂಬಳ,
ಶಾಂಪೂ ಬಂದರೆ ಮೇಲೊಂದಿಷ್ಟು.

ಮಂಜು ಕವಿದ ಜುಲೈ. ಒಂದು ರಾತ್ರಿ ಹೊಟ್ಟೆ ಕೆಟ್ಟಿತು,
ನನ್ನದು, ಅವಳದಲ್ಲ.
ಸುರ್ಕಿಯೋ ಮೂಲೆಯಲ್ಲಿ ತಿಂದ ಗುಂಡಿಗೆಮಾಂಸದ ಕಡ್ಡಿಯೋ
ಆಮೇಲೆ ಇಳಿಸಿದ ಮೂರು ಬಿಯರೋ, ಯಾರು ಕಂಡರು?
ಸಿಟ್ಟಿತ್ತು. ಬೆರಳಿತ್ತು. ಗಾಡಿಯ ಫೋಟೋ ಇತ್ತು:
ಹೊಗೆಯ ಹಿಂದೆ ಅರ್ಧ ಮುಖ, ನೀಲಿ ಏಪ್ರನ್ನು.
'ಇವಳು ಸುಡುವುದು ಯಾವ ಪ್ರಾಣಿಯನ್ನೋ, ದೇವರೇ ಬಲ್ಲ'
ಎಂದು ಬರೆದು, ನಗುವ ಮುಖ ಎರಡು ಅಂಟಿಸಿ
ಮಲಗಿದೆ.

ಮೇಲೆ ಅವಳ ಹೆಸರಿತ್ತು. ಪಕ್ಕದಲ್ಲಿ ನೀಲಿ ಗುರುತು,
ಅಸಲಿ ಎಂಬುದಕ್ಕೆ.

ಬೆಳಗಾಗುವುದರೊಳಗೆ ಊರು ಒಗಟು ಬಿಡಿಸಿತ್ತು:
ನಾಯಿ.
ಸಂಜೆ ಗಾಡಿ ಮಗುಚಿತು. ಕೆಂಡ ಚರಂಡಿಗುರುಳಿ ಚುಂಯ್ ಎಂದಿತು.
ಫೋರ್ತುನಾತಾ ಎಂದು ಅವಳ ಹೆಸರಂತೆ,
ಇಪ್ಪತ್ತೆರಡು ವರ್ಷ ಅದೇ ಮೂಲೆಯಂತೆ,
ಎಡಗೈ ಮೊಣಕೈವರೆಗೂ ಸುಟ್ಟಿದೆಯಂತೆ.
ಈ ಅಂತೆಗಳೂ ನನ್ನ ಪರದೆಗೇ ಬಂದವು,
ಒಂದೊಂದರ ಕೆಳಗೂ ಕೆಂಪು ಹೃದಯ.

ವಕೀಲ ಬಂದ. ಮ್ಯಾನೇಜರಮ್ಮ ಬಂದಳು.
ಹೇಳಿಕೆಯನ್ನೂ ನಾನೇ ಟೈಪು ಮಾಡಿದೆ:
'ಖಾತೆಯನ್ನು ತಂಡವೊಂದು ನೋಡಿಕೊಳ್ಳುತ್ತದೆ.
ನೆರೈಡಾ ಆಗ ನಿದ್ದೆಯಲ್ಲಿದ್ದರು.
ಸಂಬಂಧಪಟ್ಟವರನ್ನು ತೆಗೆದುಹಾಕಲಾಗಿದೆ.'
ನನ್ನನ್ನು ನಾನೇ ತೆಗೆದುಹಾಕಿದೆ, ಕಾಗುಣಿತ ತಪ್ಪದೆ.
ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ.

ಅವಳು ಓದಿದಳು. ಇನ್ನೊಮ್ಮೆ ಓದಿದಳು.
ಆಮೇಲೆ ಎಲ್ಲಿಂದಲೋ ಶುರು ಮಾಡಿದಳು:

ಪೂನೋದಲ್ಲಿ ಅವಳಜ್ಜಿ, ಅಕ್ಷರ ಅರಿಯದವಳು,
ನೆರೆಯವನ ಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದಳು.
ಅವನು ರಾತ್ರೋರಾತ್ರಿ ಬೊಲಿವಿಯಾಕ್ಕೆ ದಾಟಿದ.
ಸಂಘದವರು ಬಾಗಿಲಿಗೆ ಬಂದಾಗ ಮಗ ಕೂಗಾಡಿದ,
ಏನು ಬರೆದಿದೆ ಅಂತಲೇ ಇವಳಿಗೆ ಗೊತ್ತಿರಲಿಲ್ಲ!
ಅಜ್ಜಿ ಹೆಬ್ಬೆರಳೆತ್ತಿ ನೋಡಿಕೊಂಡಳು.
ಮಸಿ ಯಾವತ್ತೋ ಹೋಗಿತ್ತು.
'ಓದಿದ್ದು ನಾನಲ್ಲ. ಬೆರಳು ನನ್ನದು' ಅಂದವಳೇ
ಹನ್ನೊಂದು ಅಲ್ಪಾಕಾಗಳಲ್ಲಿ ಏಳನ್ನು ಬಿಚ್ಚಿ ಕೊಟ್ಟಳು.

'ಇಲ್ಲಿ ಬೆರಳೂ ನಿಮ್ಮದಲ್ಲವಲ್ಲ' ಎಂದ ವಕೀಲ.
'ಅದೇ. ಹೆಸರನ್ನು ಬಾಡಿಗೆಗೆ ಬಿಟ್ಟೆ.
ಬಾಡಿಗೆ ಎಣಿಸಿಕೊಂಡವಳು ಯಾರು?'

ಫೋನು ಎತ್ತಿಕೊಂಡಳು. ಪಾಸ್‌ವರ್ಡು ಗೊತ್ತಿಲ್ಲ, ನನ್ನನ್ನು ಕೇಳಿದಳು.
ಅವಳ ಜೆರ್ಸಿಯ ಸಂಖ್ಯೆ, ಮುಂದೆ ನನ್ನ ನಾಯಿಯ ಹೆಸರು.
ಮುರಿದು ಸೊಟ್ಟ ಕೂಡಿಕೊಂಡ ಹೆಬ್ಬೆರಳು
ಒಂದೊಂದೇ ಅಕ್ಷರವನ್ನು ಹುಡುಕಿ ಹುಡುಕಿ ಒತ್ತಿತು:

'ನಾನು ಬರೆದದ್ದಲ್ಲ. ಬರೆದದ್ದು ನನ್ನ ಹೆಸರಲ್ಲಿ.
ಆ ತಾಯಿ ಸುಟ್ಟದ್ದು ದನದ ಗುಂಡಿಗೆ. ನಾಯಿ ಎನಿಸಿದ್ದು ನಾವು.
ಗಾಡಿ, ಕೈಯ ಔಶಧಿ, ಮುಚ್ಚಿದ ದಿನಗಳು
ನನ್ನ ಲೆಕ್ಕಕ್ಕೆ.'

ಔಷಧಿ ತಪ್ಪಾಗಿತ್ತು. ನನ್ನ ಕೈ ತಾನಾಗಿ ಮುಂದೆ ಹೋಯಿತು.
ಮಣಿಕಟ್ಟು ಹಿಡಿದಳು.
'ಬಿಡು, ಎಡ್ಸನ್. ತಪ್ಪು ನನ್ನದೇ ಇರಲಿ.'

ಅದಕ್ಕೆ ಎಷ್ಟು ಹೃದಯ ಬಂದವೋ,
ಎಣಿಸುವುದು ಈಗ ನನ್ನ ಕೆಲಸವಲ್ಲ.
ಸುರ್ಕಿಯೋ ಮೂಲೆಯಲ್ಲಿ ಕೆಂಡ ಬಿದ್ದ ಕಪ್ಪು ಇನ್ನೂ ಇದೆ.
ಅದರ ಮೇಲೆ ನಿಂತು ಒಬ್ಬ ಫೋನಿನ ಕವರು ಮಾರುತ್ತಾನೆ.
ಆ ಅಮ್ಮ ಎಲ್ಲಿ, ಎಂದೆ.
ಯಾರ ಕಡೆಯವನು ನೀನು, ಎಂದ.
ಎಡ್ಸನ್, ಎಂದೆ.
ಯಾವ ಎಡ್ಸನ್? ಎಂದ.