ಹಳೇ ಹೊಲಿಗೆ

ಸೀರೆಗೆ ಫಾಲ್ ಹಾಕುವವಳು ನಾನು. ಹನುಮಂತನಗರದಲ್ಲಿ
ಮೆಟ್ಟಿಲ ಕೆಳಗಿನ ಅಂಗಡಿ.
ಹೊಲಿಗೆಯ ವಿಷಯ ಯಾರೂ ಹೇಳಿಕೊಡಬೇಕಿಲ್ಲ
ಅಂದುಕೊಂಡಿದ್ದೆ,
ನನ್ನದೇ ಹೊಟ್ಟೆಯ ಮೇಲೊಂದು ಬೀಳುವ ತನಕ.

ಗೇಣುದ್ದ, ಅಡ್ಡಕ್ಕೆ, ಹೊಕ್ಕುಳಿಗಿಂತ ತುಂಬ ಕೆಳಗೆ.
ಇಂಚರಳಿಗೆ ನಾಲ್ಕು ವರ್ಷ, ಅದಕ್ಕೂ ಅಷ್ಟೇ.
ಚಳಿ ಬಂದರೆ ತುರಿಸುತ್ತದೆ. ಅವಳು ಬೆರಳಿಟ್ಟು ಕೇಳುತ್ತಾಳೆ,
ಅಮ್ಮಾ, ನಾನು ಬಂದ ಬಾಗಿಲಾ ಇದು?
ಹೌದು ಕಣೇ. ಚಿಲಕ ಹಾಕಿದೆ.

ಈಗ ಮತ್ತೆ ಏಳನೇ ತಿಂಗಳು.
ಮೊದಲ ಆಸ್ಪತ್ರೆಯಲ್ಲಿ ನೆಲ ಮುಖ ಕಾಣುವಷ್ಟು ಹೊಳಪು.
ಡಾಕ್ಟರು ಫೈಲು ತೆರೆಯಲಿಲ್ಲ.
"ಒಂದ್ಸಲ ಸಿಜೇರಿಯನ್ ಆದ್ಮೇಲೆ ಯಾಕಮ್ಮ ರಿಸ್ಕು?
ಒಳ್ಳೇ ನಕ್ಷತ್ರ ನೋಡಿಸ್ಕೊಂಡು ಬನ್ನಿ, ಡೇಟು ಕೊಡೋಣ."
ರಿಸೆಪ್ಷನ್ನಿನಲ್ಲಿ ಪ್ಯಾಕೇಜಿನ ಬಣ್ಣದ ಚೀಟಿ,
ಅದರಲ್ಲಿ ನಗುವ ಮಗು ಈ ಊರಿನದಲ್ಲ.

ಎರಡನೆಯದು ವಿಜಯನಗರದ ಕಡೆ. ಅಲ್ಲಿ ಎಲ್ಲಕ್ಕೂ ಖಂಡಿತ.
ನಾರ್ಮಲ್ ಆಗುತ್ತಾ? ಖಂಡಿತ.
ಹೊಲಿಗೆ ತಡೆಯುತ್ತಾ? ಖಂಡಿತ.
ರಾತ್ರಿ ಎರಡಕ್ಕೆ ಅರಿವಳಿಕೆ ಡಾಕ್ಟರು ಇರ್ತಾರಾ?
"ಫೋನ್ ಮಾಡಿದ್ರೆ ಬರ್ತಾರೆ."
ಎಲ್ಲಿಂದ?
ಅವರು ಕಂಪ್ಯೂಟರ್ ನೋಡಿದರು.
ಹೊರಗೆ ಮಾಗಡಿ ರಸ್ತೆ ನಿಂತಲ್ಲೇ ನಿಂತಿತ್ತು,
ಒಂದು ಆಂಬುಲೆನ್ಸು ಕೂಗಿ ಕೂಗಿ ಸುಸ್ತಾಗಿ
ಬರೀ ದೀಪ ತಿರುಗಿಸುತ್ತಿತ್ತು.

"ಕುಯ್ಯೋರು ಕುಯ್ಯಲಿ, ನೀನು ಉಳಿದ್ರೆ ಸಾಕು," ಅತ್ತೆ.
ಐದು ಹೆತ್ತು ಮೂರನ್ನು ಉಳಿಸಿಕೊಂಡವರು. ಅದು ಪ್ರೀತಿ, ಗೊತ್ತು.
ತಿಮ್ಮೇಶ ಪ್ರೆಸ್ಸಿನಿಂದ ಮಸಿಗೈಯಲ್ಲೇ ಬಂದು
ಯಾರದೋ ಮದುವೆಯ ತಪ್ಪು ಮುದ್ರಿಸಿದ ಕರೆಯೋಲೆಯ ಹಿಂದೆ
ನನ್ನ ಪ್ರಶ್ನೆಗಳನ್ನು ದುಂಡಗೆ ಬರೆದುಕೊಟ್ಟ.

ಪದಕ ಯಾರೂ ಕೊಡುವುದಿಲ್ಲ, ಅದೂ ಗೊತ್ತು.
ಕಳೆದ ಸಲ ಎದ್ದು ಕೂರಲು ಯಾರದೋ ತೋಳು ಬೇಕಿತ್ತು;
ಈ ಸಲ ಮನೆಯಲ್ಲೊಬ್ಬಳು ಎತ್ಕೋ ಎತ್ಕೋ ಅನ್ನುವವಳಿದ್ದಾಳೆ.
ಮತ್ತೆ, ಕಳೆದ ಸಲ ನನ್ನನ್ನು ಯಾರೂ ಕೇಳಲಿಲ್ಲ.
ಸಹಿ ಮಾಡಿಸಿದರು.

ಮೂರನೆಯದು ಚಾಮರಾಜಪೇಟೆಯ ಹಳೇ ಕಟ್ಟಡ,
ಲಿಫ್ಟು ಮುನಿಸಿಕೊಂಡಿತ್ತು.
ತಲೆ ಮೇಲಿನ ಕನ್ನಡಕವನ್ನು ಟೇಬಲ್ಲಿನಲ್ಲಿ ಹುಡುಕುತ್ತ
ಡಾಕ್ಟರ್ ಶಕೀಲಾ ಕೇಳಿದರು,
"ಹಳೇ ಆಪರೇಷನ್ ನೋಟ್ಸ್ ತಂದಿದ್ದೀರಾ?
ಹೊರಗಿನ ಗಾಯ ಬೇಡ, ಒಳಗೆ ಹೇಗೆ ಕುಯ್ದಿದ್ದಾರೆ ನೋಡ್ಬೇಕು."

ಮೈ ಜುಂ ಅಂದಿತು.
ರವಿಕೆಯನ್ನು ಒಳಮಗ್ಗುಲು ತಿರುಗಿಸಿ ನೋಡದೆ
ನಾನು ಮೂವತ್ತು ರೂಪಾಯಿಯ ಕೆಲಸವನ್ನೂ ಒಪ್ಪುವುದಿಲ್ಲ.

ಅವರು ಖಂಡಿತ ಅನ್ನಲಿಲ್ಲ. ರಿಜಿಸ್ಟರು ತೆಗೆದು
ಬೆರಳಿಟ್ಟು ಎಣಿಸಿದರು. ಹೋದ ವರ್ಷ ನನ್ನಂಥವರು ಇಪ್ಪತ್ತಾರು.
ಹದಿನೆಂಟು ಜನ ತಾವೇ ಹೆತ್ತರು. ಏಳು ಜನಕ್ಕೆ ಕುಯ್ದದ್ದು.
ಒಂದು ಸಾಲಿನಲ್ಲಿ ಬೆರಳು ನಿಂತಿತು.
"ಇವರಿಗೆ ಹೊಲಿಗೆ ಬಿಡ್ತು. ಆರು ಬಾಟಲಿ ರಕ್ತ. ಇಬ್ಬರೂ ಉಳಿದರು.
ಇದನ್ನ ಹೇಳದೆ ನಿಮ್ಮನ್ನ ಒಪ್ಪಿಸೋಕೆ ನನಗಿಷ್ಟ ಇಲ್ಲ."
ಹೊರಗೆ ಯಾರೋ ಟೀ ಲೋಟ ತೊಳೆಯುವ ಸದ್ದು.

ಲಿಫ್ಟು ಕೆಟ್ಟಾಗ ಥಿಯೇಟರಿಗೆ ಹೇಗೆ?
"ಅಗೋ, ಹೆರಿಗೆ ಕೋಣೆ ಪಕ್ಕದ ಬಾಗಿಲು. ಎಂಟು ಹೆಜ್ಜೆ."
ನಡೆದು ನೋಡಿದೆ. ನನ್ನ ಈಗಿನ ಹೆಜ್ಜೆಗೆ ಹನ್ನೊಂದು.

ಕೆಳಗೆ ವಾಚ್‌ಮನ್ ಮುನಿವೆಂಕಟಪ್ಪನನ್ನೂ ಬಿಡಲಿಲ್ಲ.
ರಾತ್ರಿ ಅರಿವಳಿಕೆ ಡಾಕ್ಟರು ಇರ್ತಾರಾ, ನಿಜ ಹೇಳಿ.
"ಅವರ ಸ್ಕೂಟರು ಬೆಳಗಿನ ತನಕ ಇಲ್ಲೇ ತಾಯಿ.
ಕಾಯೋನು ನಾನೇ ಅಲ್ವಾ?"

ಆದರೂ ಎರಡು ಗಂಟೆಗೆ ಅಲಾರಂ ಇಟ್ಟು
ತಿಮ್ಮೇಶನ ಬೆನ್ನು ಹಿಡಿದು ಕೂತು ಬಂದೆ.
ಬುಲ್ ಟೆಂಪಲ್ ರಸ್ತೆ ಖಾಲಿ, ಸಿಗ್ನಲ್ಲು ಹಳದಿ ಮಿಟುಕಿಸುತ್ತಿತ್ತು.
ನಿಧಾನಕ್ಕೆ ಬಂದರೂ ಒಂಬತ್ತು ನಿಮಿಷ.
ಸ್ಕೂಟರು ಇತ್ತು.
ಸೀಟಿನ ಮೇಲೊಂದು ಬೆಕ್ಕು, ತುಂಬು ಹೊಟ್ಟೆಯದು, ಮಲಗಿತ್ತು.
ಎಬ್ಬಿಸದೆ ವಾಪಸು ಬಂದೆವು.