ಕೊಕ್ಕರೆ ನಿಲುವು

ತಿತಿಮತಿಯಿಂದ ಒಳಗೆ ನಾಲ್ಕು ಮೈಲಿ ನಮ್ಮ ಶಾಲೆ.
ಮೈದಾನ ಅನ್ನುವುದು ನಾವು; ಅಳೆದರೆ
ಒಂದು ಗೋಲು ಇನ್ನೊಂದಕ್ಕಿಂತ ಮೊಳ ಎತ್ತರದಲ್ಲಿದೆ.
ಡಿಸೆಂಬರಿನ ಇಬ್ಬನಿ ಆರುವ ಮೊದಲೇ
ಸುಣ್ಣದ ಗೆರೆ ಎಳೆದೆ,
ಬಡಗಿಯಿಂದ ಕಡ ತಂದ ಟೇಪು ಬಿಚ್ಚಿದೆ,
ಕೊರಳಿಗೆ ಪೀಪಿ, ಕೈಗೆ ಸ್ಟಾಪ್‌ವಾಚು.
ವರ್ಷಕ್ಕೊಮ್ಮೆ ಮೇಲಿನವರು ಕೇಳುತ್ತಾರೆ:
ನಿಮ್ಮ ಮಕ್ಕಳ ಮೈ ಎಷ್ಟು ಗಟ್ಟಿ?

ಮೊದಲು ಬಗ್ಗುವುದು.
ಹಲಸಿನ ಹಲಗೆಯ ಪೆಟ್ಟಿಗೆಗೆ ಪಾದ ಒತ್ತಿ ಕೂತು
ಮಂಡಿ ಮಡಿಸದೆ
ಬೆರಳು ಎಷ್ಟು ದೂರ ಹೋಗುತ್ತದೋ ಅಷ್ಟು.
ಪೂವಯ್ಯನ ಬೆರಳು ನಾಲ್ಕಂಗುಲ ಈಚೆಗೇ ನಿಂತಿತು.
"ನಮ್ಮ ತಾತನಿಗೂ ಕಾಲು ಸಿಗ್ತಿರಲಿಲ್ಲ ಮಿಸ್,
ಶೂ ಲೇಸು ಅಜ್ಜಿಯೇ ಕಟ್ತಿದ್ದರು."
ಬರೆದುಕೊಂಡೆ: ಮೈನಸ್ ಎಂಟು.
ಅಜ್ಜಿಯನ್ನು ಬರೆಯಲಿಲ್ಲ.

ಆಮೇಲೆ ನಿಂತಲ್ಲಿಂದ ನೆಗೆತ. ಕಸುವು ತೊಡೆಯದಾದರೂ
ಕೈ ಬೀಸದೆ ದೂರ ಹೋಗದು ಎಂದು ಎಷ್ಟು ಹೇಳಿದರೂ
ಸಫ್ವಾನ್ ಕೈಕಟ್ಟಿ, ಕಣ್ಣು ಮುಚ್ಚಿಯೇ ನೆಗೆಯುತ್ತಾನೆ.
ಮರದ ತುಂಡು ಎತ್ತಿ ತರುವ ಓಟ; ಚುರುಕು ಗೊತ್ತಾಗುವುದು
ಓಡುವಲ್ಲಲ್ಲ, ತಿರುಗುವಲ್ಲಿ.
ಕಂಬಿಗೆ ಜೋತು ಗಲ್ಲ ಮೇಲೆತ್ತಿ ಹಿಡಿಯುವುದು ತೋಳಿನ ತಾಳಿಕೆ:
ದೇಚು ಇಪ್ಪತ್ತಾರು ಸೆಕೆಂಡು ತೂಗಿ, ಇಳಿದು,
ಅಂಗೈ ಮೂಸಿ "ತುಕ್ಕು" ಎಂದಳು.
ಆರುನೂರು ಮೀಟರು, ಮೈದಾನಕ್ಕೆ ನಾಲ್ಕು ಸುತ್ತು.
ಉಸಿರು ಉಳಿದವುಗಳ ಹಾಗಲ್ಲ,
ಮೂರನೆಯ ಸುತ್ತಿನವರೆಗೂ ಸುಳ್ಳು ಹೇಳುತ್ತದೆ.

ಕೊನೆಗೆ ಸಮತೋಲ.
ಎಡ ಪಾದ ಬಲ ಮಂಡಿಗೆ, ಕೈ ಸೊಂಟಕ್ಕೆ,
ಅರವತ್ತು ಸೆಕೆಂಡು. ಇದನ್ನು ಕೊಕ್ಕರೆ ಎನ್ನುತ್ತೇವೆ.
ಬಂದರು, ಓಲಾಡಿದರು, ನಕ್ಕರು, ಬಿದ್ದರು.
ಚೋಮಿಯ ಸರದಿ. ಲೈನ್‌ಮನೆಯ ಹುಡುಗಿ,
ಅವಳಪ್ಪ ಆನೆ ಓಡಿಸುವ ತಂಡದಲ್ಲಿ ದಿನಗೂಲಿ.
ಗುಂಡಿ ಒತ್ತಿದೆ.

ಹನ್ನೆರಡೋ ಹದಿಮೂರೋ ಸೆಕೆಂಡಿಗೆ
ಬೇಲಿಯ ಸಿಲ್ವರ್ ಓಕು ಅಲುಗಿತು,
ಗಾಳಿಯಿರಲಿಲ್ಲ.
ಮೊದಲು ಬಂದದ್ದು ಒಂದು ದಂತ,
ಆಮೇಲೆ ಉಳಿದ ಆನೆ.

ಓಡಿದೆವು. ಮಕ್ಕಳನ್ನು ಮುಂದೆ ತಳ್ಳಿಕೊಂಡು ಓಡಿದೆ ಎಂದು
ಹೆಡ್‌ಮಾಸ್ತರರಿಗೆ ಹೇಳಿದ್ದೇನೆ; ನಿಜವಾಗಿ ಮೊದಲ ಹತ್ತು ಹೆಜ್ಜೆ
ನಾನೊಬ್ಬಳೇ ಓಡಿದ್ದೆ.
ಜಗಲಿಯಲ್ಲಿ ತಲೆ ಎಣಿಸಿದರೆ ಮೂವತ್ತೊಂದು.
ಇರಬೇಕಾದ್ದು ಮೂವತ್ತೆರಡು.

ಮೈದಾನದ ನಡುವೆ, ಒಂಟಿ ಕಾಲಲ್ಲಿ, ಕೈ ಸೊಂಟಕ್ಕಿಟ್ಟು
ಅವಳು.
ಕರೆಯಲು ಬಾಯಿ ತೆರೆದೆ, ದನಿ ಬರಲಿಲ್ಲ.
ಆನೆ ಸೊಂಡಿಲೆತ್ತಿ ಗಾಳಿ ನೋಡಿತು, ಸುಣ್ಣದ ಗೆರೆಯನ್ನು
ಒಮ್ಮೆ ಮುಟ್ಟಿ, ಊದಿ, ಬಿಟ್ಟಿತು.
ಅವಳ ಲಂಗದ ಅಂಚು ಅಲುಗಿತು, ಕಾಲು ಅಲುಗಲಿಲ್ಲ.
ಆಮೇಲೆ ಅದಕ್ಕೆ ಏನು ನೆನಪಾಯಿತೋ,
ಬಿಸಿಯೂಟದ ಕೋಣೆ ಬಳಸಿ, ಬಾಳೆಯ ಕಡೆಗೆ,
ಸಂತೆಗೆ ಹೊರಟ ಯಜಮಾನನ ಹಾಗೆ ನಡೆದುಹೋಯಿತು.

ಹೋಗಿ ಅಪ್ಪಿಕೊಂಡೆ. ಆಗಲೇ ಅವಳು ಕಾಲಿಳಿಸಿದ್ದು.
"ಯಾಕೆ ಓಡಲಿಲ್ಲ?"
"ಓಡಿದ್ದನ್ನ ಅಟ್ಟುತ್ತೆ, ನಿಂತದ್ದನ್ನ ಮರ ಅಂದ್ಕೊಳ್ಳುತ್ತೆ,
ಅಪ್ಪ ಹೇಳಿದ್ದು."
ಸ್ವಲ್ಪ ತಡೆದು,
"ನೀವು ಸಾಕು ಅನ್ನಲೂ ಇಲ್ಲ ಮಿಸ್."

ಮುಷ್ಟಿ ಬಿಡಿಸಿದರೆ ವಾಚು ಇನ್ನೂ ಓಡುತ್ತಿತ್ತು.
ಮೂರು ನಿಮಿಷ ನಲವತ್ತು.

ಸಂಜೆ ಆ್ಯಪಿನಲ್ಲಿ ತುಂಬಿದೆ. ಇನ್ನೂರಿಪ್ಪತ್ತು ಎಂದರೆ
ಕೆಂಪಾಯಿತು: ಅರವತ್ತರೊಳಗಿನ ಸಂಖ್ಯೆ ನಮೂದಿಸಿ.
ನೆಟ್‌ವರ್ಕು ಎರಡು ಸಲ ಹೋಗಿ ಬಂತು.
ಅರವತ್ತು ಎಂದೆ. ಒಪ್ಪಿಕೊಂಡಿತು.
ಪೂವಯ್ಯನ ಮೈನಸ್ ಎಂಟನ್ನಂತೂ ತಕ್ಷಣ ಒಪ್ಪಿಕೊಂಡಿತು.

ನನ್ನ ಬಲ ಮಂಡಿ ಊದಿ ಬದನೆಕಾಯಿಯಾಗಿದೆ.
ಗೆರೆಯಿಂದ ಜಗಲಿಗೆ ಐವತ್ತು ಮೀಟರು,
ಕಾಲೇಜಿನ ದಿನಗಳಲ್ಲೂ ಅಷ್ಟು ಬೇಗ ಓಡಿರಲಾರೆ,
ಯಾರೂ ಅಳೆಯಲಿಲ್ಲ.
ಈಗ ದಿನವೂ ಹಲ್ಲುಜ್ಜುವಾಗ
ಎಡಗಾಲಲ್ಲಿ ನಿಲ್ಲುತ್ತೇನೆ, ಗೋಡೆ ಮುಟ್ಟದೆ.
ನಿನ್ನೆ ಹನ್ನೊಂದು.
ಇವತ್ತು ಒಂಬತ್ತು, ಕಾಗೆ ಕೂಗಿತು.